ಟಕ್ ಎಂದು ಸುಮ್ಮನಾಗುತ್ತಿದ್ದ ಕಾರು

ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡಸರ ಕೈಗೆ ರಜೆಯ ದಿನ ಸ್ಪ್ಯಾನರ್ ಸಿಗಬಾರದು. ಸಿಕ್ಕಿದರೆ ಸರಿಯಾಗಿರುವುದನ್ನೂ ಬಿಚ್ಚಿ ಹಾಕುತ್ತಾರೆ. ಇದನ್ನು ಬಾಯಿ ಚಪಲಕ್ಕೆ ಹೇಳುತ್ತಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ನಾವು ಬಾಡಿಗೆಗಿದ್ದಾಗ, ಕಾರಿನ ಇಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರಿನ ಹಿಂದೆ ಬಿದ್ದ ಇಬ್ಬರು ಗಂಡಸರ ಜೊತೆ ನಾನು ಒಂದು ವಾರ ಕಳೆದಿದ್ದೇನೆ. ಆ ವಾರವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಗಂಡ ಸರ್ಕಾರಿ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಫೋರ್‌ಮನ್ ಆಗಿದ್ದರು. ನಿವೃತ್ತರಾಗಿ ಊರಿಗೆ ಹೊರಟಿದ್ದ ಅಧಿಕಾರಿಯೊಬ್ಬರಿಂದ ಹಳೆಯ ಕಪ್ಪು ಕಾರೊಂದನ್ನು ಕೊಂಡುಕೊಂಡಿದ್ದರು. ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಆದರೆ ಇವರು ಕೆಲಸಕ್ಕೆ ಹೋಗುತ್ತಿದ್ದದ್ದು ಕಾರ್ಖಾನೆಯ ಬಸ್ಸಿನಲ್ಲಿ. ಹಾಗಾಗಿ ವಾರದಲ್ಲಿ ಆರು ದಿನ ಕಾರು ಮನೆಯ ಮುಂದೆ ಸುಮ್ಮನೆ ನಿಂತಿರುತ್ತಿತ್ತು.

ಅದು ಹಾಗೆ ನಿಂತಿದ್ದ ಒಂದು ಮಧ್ಯಾಹ್ನ ನಾಲ್ಕು ವರ್ಷದ ಮಗಳಿಗೆ ಜ್ವರ ಏರಿ, ಕಣ್ಣಾಲಿ ಮೇಲಾಗಿ, ಕೈಕಾಲು ಸೆಟೆದುಕೊಂಡವು. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಅದೇ ಕಾರನ್ನು ದಾಟಿ ತುಮಕೂರು ರಸ್ತೆಯವರೆಗೂ ಓಡಿದೆ. ಬಹಳ ಹೊತ್ತು ಬಸ್ಸೇ ಬರಲಿಲ್ಲ. ಕೊನೆಗೆ ಕಬ್ಬಿಣದ ಸರಳು ತುಂಬಿಕೊಂಡು ಹೋಗುತ್ತಿದ್ದ ಲಾರಿಯವರೊಬ್ಬರು ನಿಲ್ಲಿಸಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮಗು ಹುಷಾರಾಯಿತು. ಆದರೆ ಮನೆ ಮುಂದೆ ಕಾರು ಇಟ್ಟುಕೊಂಡು ನಾನು ಬೀದಿಯಲ್ಲಿ ಲಾರಿಗೆ ಕೈ ಅಡ್ಡ ಹಿಡಿದದ್ದು ನನ್ನ ಮನಸ್ಸಿನಿಂದ ಹೋಗಲಿಲ್ಲ. ಡ್ರೈವಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದೆ.

ಆ ಕಾಲದಲ್ಲಿ, ಆ ಕಡೆಯಲ್ಲಿ, ಕಾರು ಓಡಿಸುವ ಹೆಂಗಸನ್ನು ನಾನೂ ನೋಡಿರಲಿಲ್ಲ. ಇವರು ಮೊದಲು ನಕ್ಕರು, ಆಮೇಲೆ ರೇಗಿದರು, ತಿಂಗಳುಗಟ್ಟಲೆ ತಲೆ ತಿಂದ ಮೇಲೆ ಒಪ್ಪಿದರು. ಒಪ್ಪಿದ್ದಕ್ಕೂ ಒಂದು ಕೊಕ್ಕೆ ಇತ್ತು.

"ಕಲಿಸ್ತೀನಿ. ಆದ್ರೆ ಒಂದೇ ಸಲ ಟೆಸ್ಟು. ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಎತ್ಬಾರ್ದು" ಎಂದರು.

ಆಗಲಿ ಎಂದೆ. ಭಾನುವಾರ ಬೆಳಿಗ್ಗೆ ಪೀಣ್ಯದ ಷೆಡ್ಡುಗಳೆಲ್ಲ ಬಾಗಿಲು ಹಾಕಿ, ರಸ್ತೆಗಳು ಬಿಕೋ ಎನ್ನುತ್ತಿರುವಾಗ ಕಲಿತೆ. ಕ್ಲಚ್ಚು ಬಿಡುವಾಗ ಕಾರು ಕುಪ್ಪಳಿಸಿದರೆ ಇವರು ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ, ಆದರೂ ಕಲಿತೆ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿದೆವು. ಅದರ ಅವಧಿ ಮುಗಿಯುವುದಕ್ಕೆ ಒಂದೇ ದಿನ ಮುಂಚೆ, ಒಂದು ಶುಕ್ರವಾರ, ಟೆಸ್ಟಿಗೆ ದಿನ ಸಿಕ್ಕಿತು. ಅದಕ್ಕೆ ಸರಿಯಾಗಿ ಹಿಂದಿನ ವಾರ ಆಯುಧ ಪೂಜೆ ಬಂತು.

ಪೀಣ್ಯದ ಕಡೆಯ ಆಯುಧ ಪೂಜೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಪೂಜೆಗೆ ನಾಲ್ಕು ದಿನ ಮುಂಚೆಯೇ ಕಾರ್ಖಾನೆಗಳಲ್ಲಿ ಎಲ್ಲ ಮೆಷಿನ್ನುಗಳನ್ನೂ ತೊಳೆದು, ಒರೆಸಿ, ಪೇಂಟ್ ಹೊಡೆಯುತ್ತಾರೆ. ಲೇತಿಗೆ, ಡ್ರಿಲ್ಲಿಂಗ್ ಮೆಷಿನ್ನಿಗೆ, ಕೊನೆಗೆ ಕಸದ ಡ್ರಮ್ಮಿಗೂ ಅದೇ ತಿಳಿ ಹಸಿರು ಬಣ್ಣ. ಯಾವ ವಿಭಾಗದ ಮೆಷಿನ್ನು ಹೆಚ್ಚು ಹೊಳೆಯುತ್ತದೆ ಎಂದು ಅವರವರಲ್ಲೇ ಪೈಪೋಟಿ. ಆ ಕೆಲಸದಲ್ಲಿ ನನ್ನ ಗಂಡನನ್ನು ಮೀರಿಸುವವರಿರಲಿಲ್ಲ. ಬೇರೆಯವರು ಬೋಲ್ಟಿನ ಸುತ್ತ ಬ್ರಷ್ ಎಳೆದರೆ, ಇವರು ಬೋಲ್ಟನ್ನೇ ಬಿಚ್ಚಿ, ಅದರ ಕೆಳಗೂ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿಯುವವರು. ಆ ವರ್ಷ ಅಂಗಡಿಯಿಂದ ಅದೇ ಹಸಿರು ಪೇಂಟು ತಂದು ನಮ್ಮ ಕಾರಿನ ಬಾನೆಟ್ಟಿನ ಒಳಗೂ ಹಾಗೆಯೇ ಹೊಡೆದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಾಣುತ್ತಿತ್ತು.

ನನ್ನ ಪಾಲಿಗೆ ಬಂದದ್ದು ತೊಳೆಯುವ ಕೆಲಸ. ಪೂಜೆಯ ದಿನ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಎಂಟು ಬಕೆಟ್ ಸುರಿದು ಕಾರನ್ನು ಉಜ್ಜಿದೆ. ಕುಂಬಳಕಾಯಿ ಒಡೆದೆವು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಾರನ್ನು ಅದರ ಮೇಲೆ ಹಾಯಿಸಿದೆವು. ಅವತ್ತು ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಮಾರನೆಯ ದಿನ ಸ್ವಲ್ಪ ಗೊಣಗಿಕೊಂಡು ಸ್ಟಾರ್ಟ್ ಆಯಿತು. ಭಾನುವಾರ ಕಲಿಯುವುದಕ್ಕೆಂದು ಹೊರಟು ನಾನು ಕೀ ತಿರುಗಿಸಿದರೆ ಒಳಗೆ ಎಲ್ಲೋ ಟಕ್ ಎಂದಿತು. ಅಷ್ಟೇ. ಮತ್ತೆ ತಿರುಗಿಸಿದರೆ ಮತ್ತೆ ಟಕ್.

ಇವರು ಇಳಿದು ಬಾನೆಟ್ ಎತ್ತಿ ನೋಡಿದರು. ಒಂದು ನಿಮಿಷವೂ ಆಗಿರಲಿಲ್ಲ, ತೀರ್ಪು ಬಂತು.

"ನೀನು ನೀರು ಹುಯ್ದಿದ್ದು ಸ್ಟಾರ್ಟರ್ ಒಳಗೆ ಹೋಗಿದೆ. ಅಷ್ಟೊಂದು ನೀರು ಯಾರಾದ್ರೂ ಹಾಕ್ತಾರಾ?"

ಹಿಂದಿನ ವರ್ಷವೂ ಅಷ್ಟೇ ನೀರು ಹಾಕಿದ್ದೆ. ಮಳೆಗಾಲದಲ್ಲಿ ದೇವರೇ ಅದಕ್ಕಿಂತ ಹೆಚ್ಚು ಹಾಕುತ್ತಿದ್ದ. ಹೇಳಿದೆ. ಕೇಳಿಸಿಕೊಳ್ಳುವವರು ಯಾರು? ಹ್ಯಾಂಡಲ್ ತೆಗೆದು ಮುಂದಿನಿಂದ ತಿರುವಿದರು, ಇಂಜಿನ್ ತಟ್ಟನೆ ಎದ್ದಿತು. ಇಂಜಿನ್ನಿನಲ್ಲಿ ಏನೂ ತೊಂದರೆಯಿಲ್ಲ, ಸ್ಟಾರ್ಟರೇ ಕೆಟ್ಟಿದೆ ಎಂದು ಖಾತ್ರಿಯಾಯಿತು. ಹ್ಯಾಂಡಲ್ ಹೊಡೆದು ಟೆಸ್ಟಿಗೆ ಹೋಗಬಹುದಲ್ಲ ಎಂದು ನಾನು ಕೇಳಿದೆ. ಅಲ್ಲಿ ಇನ್‌ಸ್ಪೆಕ್ಟರ್ ನಡುವೆ ಇಂಜಿನ್ ಆಫ್ ಮಾಡಿಸಿ ಮತ್ತೆ ಸ್ಟಾರ್ಟ್ ಮಾಡಿಸುತ್ತಾರೆ, ಆಗ ಕೀಗೇ ಸ್ಟಾರ್ಟ್ ಆಗಬೇಕು ಎಂದರು. ಶುಕ್ರವಾರದೊಳಗೆ ಸರಿಮಾಡುತ್ತೇನೆ ಬಿಡು ಎಂದೂ ಹೇಳಿದರು.

ಸೋಮವಾರ ಸಂಜೆ ಕಾರ್ಖಾನೆಯ ಬಸ್ಸಿನಿಂದ ಇವರ ಜೊತೆ ಎಲೆಕ್ಟ್ರಿಕಲ್ ವಿಭಾಗದ ಗೆಳೆಯರೊಬ್ಬರೂ ಇಳಿದರು. ನನ್ನನ್ನು ಅತ್ತಿಗೆ ಎನ್ನುತ್ತಿದ್ದರು, ಒಳ್ಳೆಯ ಮನುಷ್ಯ. ಅವರು ಮೊದಲು ನೋಡಿದ್ದು ಪೇಂಟನ್ನು. ಷೋರೂಮಿನಿಂದ ಈಗ ತಾನೇ ಬಂದ ಹಾಗಿದೆ ಗುರು ಎಂದು ಹೊಗಳಿದರು. ಇವರ ಮುಖ ಊರಗಲವಾಯಿತು. ಆಮೇಲೆ ಅವರು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಹೆಡ್‌ಲೈಟ್ ಹಾಕಿಸಿದರು. ಕೀ ತಿರುಗಿಸಿ ಎಂದರು. ಟಕ್. ಲೈಟು ಒಂದಿಷ್ಟೂ ಮಂಕಾಗಲಿಲ್ಲ. ಬ್ಯಾಟರಿಯಲ್ಲಿ ಜೀವ ಇದೆ, ಆದರೆ ಸ್ಟಾರ್ಟರ್ ಕರೆಂಟ್ ಎಳೆದುಕೊಳ್ಳುತ್ತಿಲ್ಲ, ಎಳೆದುಕೊಂಡಿದ್ದರೆ ಲೈಟು ಮಂಕಾಗಬೇಕಿತ್ತು ಎಂದು ನನಗೂ ಅರ್ಥವಾಗುವ ಹಾಗೆ ಹೇಳಿದರು.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ಕರೆಂಟು ವಾಪಸ್ ಬರಬೇಕಲ್ಲ, ಅದಕ್ಕೆ ಇಂಜಿನ್ನಿನಿಂದ ಕಾರಿನ ಕಬ್ಬಿಣದ ಮೈಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದಂತೆ, ಅರ್ತಿಂಗ್ ಪಟ್ಟಿ. "ಪೇಂಟ್ ಹೊಡೆಯೋವಾಗ ಅರ್ತಿಂಗ್ ಪಟ್ಟಿ ಬಿಚ್ಚಿದ್ಯಾ?" ಎಂದು ಕೇಳಿದರು.

"ಬಿಚ್ಚಿದ್ದೆ. ಸರಿಯಾಗೇ ಹಾಕಿದೀನಿ" ಎಂದರು ಇವರು.

ಅಲ್ಲಿಗೆ ಮುಗಿಯಿತು. ಕಾರ್ಖಾನೆಯಲ್ಲಿ ಅದೊಂದು ಮರ್ಯಾದೆ. ಒಂದು ವಿಭಾಗದವನು ತನ್ನ ಕೆಲಸ ಸರಿಯಾಗಿದೆ ಎಂದ ಮೇಲೆ ಇನ್ನೊಂದು ವಿಭಾಗದವನು ಮತ್ತೆ ಕೈ ಹಾಕಿ ನೋಡಬಾರದು, ನೋಡಿದರೆ ಅವನನ್ನು ನಂಬಲಿಲ್ಲ ಎಂದಾಗುತ್ತದೆ. ಅದರಲ್ಲೂ ಹೇಳಿದವರು ಫೋರ್‌ಮನ್. ಗೆಳೆಯರು ತಲೆಯಾಡಿಸಿ, ಕಾರಿನ ಕೆಳಗೆ ನುಗ್ಗಿ ಸ್ಟಾರ್ಟರ್ ಬಿಚ್ಚಲು ಶುರುಮಾಡಿದರು.

ಮಂಗಳವಾರ ಅದನ್ನು ಅಂಗಳದಲ್ಲಿ ಗೋಣಿಚೀಲದ ಮೇಲಿಟ್ಟು ದಪ್ಪ ವೈರುಗಳಿಂದ ಬ್ಯಾಟರಿಗೆ ಮುಟ್ಟಿಸಿದರು. ಸ್ಟಾರ್ಟರ್ ಗಿರ್ರನೆ ತಿರುಗಿ ಮೀನಿನ ಹಾಗೆ ಹಾರಿ ಚಪ್ಪಡಿಯ ಮೇಲೆ ಬಿತ್ತು. ಮನೆಯ ಮಾಲೀಕರು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಆ ಬೀದಿ ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿತ್ತು. ಈಗ ಅದರ ಮೇಲೆ ಆರು ಬಾಡಿಗೆ ಮನೆ ಕಟ್ಟಿಸಿ ಹಾಯಾಗಿದ್ದರು.

"ಇಲ್ಲಿ ಇಂಗೆ ತಿರುಗ್ತೈತೆ, ಅಲ್ಲಿ ಯಾಕೆ ತಿರುಗಾಕಿಲ್ಲ? ಅಂಗಾರೆ ಕೆಟ್ಟಿರಾದು ಇದಲ್ಲ ಬುಡಿ ಸಾರ್" ಎಂದರು.

ಮೂರು ದಿನದಲ್ಲಿ ಆ ಅಂಗಳದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ಅದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾರ ಬಿದ್ದಾಗ ಸೋಲುತ್ತದೆ, ಬರಿದೇ ತಿರುಗಿದರೆ ಏನು ಬಂತು ಎಂದು ಹೇಳಿ, ಒಳಗೆ ಕರೆಂಟು ಮುಟ್ಟಿಸುವ ಇಂಗಾಲದ ಬ್ರಷ್‌ಗಳನ್ನು ಬದಲಾಯಿಸಿದರು. ತೇವ ಇರಬಹುದೆಂದು ನನ್ನ ಸೀಮೆಎಣ್ಣೆ ಸ್ಟೌವಿನ ಮುಂದೆ ಇಟ್ಟು ಕಾಯಿಸಿದರು. ಅವತ್ತು ಅಡಿಗೆ ತಡವಾಯಿತು. ಸ್ಟಾರ್ಟರ್ ಬೆಚ್ಚಗಾಗುವವರೆಗೆ ಮಗಳು ಹಸಿವಿನಿಂದ ರಚ್ಚೆ ಹಿಡಿದಳು.

ಬುಧವಾರ ಸಂಜೆ ಅದನ್ನು ಮತ್ತೆ ಕೂರಿಸಿದರು. ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತರು. ಆ ವಾರವೆಲ್ಲ ನನ್ನ ಕೆಲಸ ಒಂದೇ, ತಿರುಗಿಸು ಎಂದಾಗ ಕೀ ತಿರುಗಿಸುವುದು, ಬಿಡು ಎಂದಾಗ ಬಿಡುವುದು. ತಿರುಗಿಸು, ಟಕ್. ಬಿಡು. ತಿರುಗಿಸು, ಟಕ್. ನನಗೆ ಅಳು ಬರುವಂತಾಗಿತ್ತು. ಶುಕ್ರವಾರಕ್ಕೆ ಒಂದೇ ದಿನ ಉಳಿದಿತ್ತು. ಇಪ್ಪತ್ತು ಸಲವಾದರೂ ತಿರುಗಿಸಿರಬೇಕು, ಆಗ ನನ್ನ ಇನ್ನೊಂದು ಕೈ ತಣ್ಣಗಿರುವ ಇಂಜಿನ್ ಎಬ್ಬಿಸಲು ಎಳೆಯುವ, ಡ್ಯಾಷ್‌ಬೋರ್ಡಿನ ಚೋಕ್ ಗುಂಡಿಯ ಮೇಲೆ ಹೋಯಿತು. ಚುರ್ ಎಂದಿತು. ಒಲೆಯ ಮೇಲಿನ ಪಾತ್ರೆ ಮುಟ್ಟಿದ ಹಾಗೆ ಬಿಸಿ. ಬಗ್ಗಿ ಮೂಸಿದೆ, ಅದರ ಹಿಂದಿನ ತಂತಿ ಕೊಳವೆ ಸುಟ್ಟ ವಾಸನೆ ಹೊಡೆಯುತ್ತಿತ್ತು.

"ರೀ, ಈ ಚೋಕ್ ಗುಂಡಿ ಕೈ ಸುಡ್ತಾ ಇದೆ" ಎಂದು ಕೂಗಿದೆ.

ಗೆಳೆಯರು ನಕ್ಕರು. "ಅದ್ರಲ್ಲಿ ಕರೆಂಟೇ ಇರಲ್ಲ ಅತ್ತಿಗೆ. ಬರೀ ಎಳೆಯೋ ತಂತಿ ಅದು. ನಿಮ್ಮ ಕೈಯೇ ಬಿಸಿಯಾಗಿರ್ಬೇಕು" ಎಂದರು.

ನನ್ನ ಗಂಡ ನಗಲಿಲ್ಲ. ಬೈಯಲೂ ಇಲ್ಲ. ಒಳಗೆ ಬಂದು ಗುಂಡಿಯನ್ನು ಒಂದು ಸಲ ಮುಟ್ಟಿ ನೋಡಿ, ಕಾಫಿ ಮಾಡು ಹೋಗು ಎಂದರು. ನಾನು ಹೋಗಿ ಕಾಫಿ ಮಾಡಿದೆ. ಕಾಫಿ ಕುಡಿದ ಮೇಲೆ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚನ್ನೇ ಬದಲಾಯಿಸಿ ನೋಡೋಣ ಎಂದು ಗೆಳೆಯರು ಹೇಳಿದರು. ಇವರು ಹ್ಞೂಂ ಎಂದರು. ಗುರುವಾರ ಪಾಪ ಅವರು ಅರ್ಧ ದಿನ ರಜೆ ಹಾಕಿ ಸಿಟಿಗೆ ಹೋಗಿ ಹೊಸ ಸ್ವಿಚ್ ತಂದು ಹಾಕಿದರು. ಇವರು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದರು. ನಾನು ಕೀ ತಿರುಗಿಸಿದೆ. ಹೊಸ ಸ್ವಿಚ್ಚು ಹಳೆಯದಕ್ಕಿಂತ ಜೋರಾಗಿ ಟಕ್ ಎಂದಿತು.

ಶುಕ್ರವಾರ ಬೆಳಿಗ್ಗೆ ಇವರು ರಜೆ ಹಾಕಿದ್ದರು. ಗೆಳೆಯರು ಕೆಲಸಕ್ಕೆ ಹೋಗುವ ಮುನ್ನ ಬಂದು ತಾವೇ ಹ್ಯಾಂಡಲ್ ಹೊಡೆದು ಕಾರನ್ನು ಎಬ್ಬಿಸಿಕೊಟ್ಟು, ಇಂಜಿನ್ ಆಫ್ ಮಾತ್ರ ಮಾಡಬೇಡಿ ಅತ್ತಿಗೆ, ಇನ್‌ಸ್ಪೆಕ್ಟರ್ ಕೇಳದೆಯೂ ಇರಬಹುದು ಎಂದು ಧೈರ್ಯ ಹೇಳಿದರು. ಮಾಲೀಕರ ಹೆಂಡತಿ ನನಗೆ ಹೂ ಮುಡಿಸಿದರು. ಮಗಳನ್ನು ಅವರ ಕೈಲಿಟ್ಟು ಹೊರಟೆವು. ದಾರಿಯುದ್ದಕ್ಕೂ ಇವರ ಕೈ ಮತ್ತೆ ಮತ್ತೆ ಅಂಗಿಯ ಜೇಬಿಗೆ ಹೋಗುತ್ತಿತ್ತು. ನನ್ನ ಟೆಸ್ಟಿನ ಭಯ ಇವರಿಗೂ ಹತ್ತಿದೆ ಎಂದುಕೊಂಡೆ.

ಟೆಸ್ಟಿನ ಮೈದಾನದಲ್ಲಿ ಕಾರು ತಂದಿದ್ದ ಹೆಂಗಸು ನಾನೊಬ್ಬಳೇ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಎಂಟರ ಆಕಾರದಲ್ಲಿ ಓಡಿಸಿದೆ. ಹಿಂದಕ್ಕೆ ತೆಗೆದೆ. ಕೈ ತೋರಿಸಿ ತಿರುಗಿಸಿದೆ. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ, ಕಾರು ಒಂದು ಸಲವೂ ಕುಪ್ಪಳಿಸಲಿಲ್ಲ. ಅಷ್ಟು ಚೆನ್ನಾಗಿ ನಾನು ಮೊದಲು ಯಾವತ್ತೂ ಓಡಿಸಿರಲಿಲ್ಲ. ಅವರು ಚೆನ್ನಾಗಿ ಓಡಿಸ್ತೀರಮ್ಮ ಎಂದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ಎಂದರು.

ಆಫ್ ಮಾಡಿದೆ. ಕೀ ತಿರುಗಿಸಿದೆ. ಟಕ್.

ನಾಲ್ಕು ಸಲ ತಿರುಗಿಸಿದೆ. ಸ್ಟಾರ್ಟರ್ ಕೆಟ್ಟಿದೆ ಸಾರ್, ಹ್ಯಾಂಡಲ್ ಹೊಡೆದರೆ ಆಗುತ್ತದೆ ಎಂದೆ. ಅವರು ಕೆಟ್ಟವರೇನಲ್ಲ. ಹಿಂದೆ ಸಾಲುಗಟ್ಟಿ ನಿಂತಿದ್ದ ಗಾಡಿಗಳ ಕಡೆ ಒಂದು ಸಲ ನೋಡಿದರು.

"ಹ್ಯಾಂಡಲ್ ಹೊಡೆಯೋ ಗಾಡೀಲಿ ಹೆಂಗಮ್ಮ ಟೆಸ್ಟ್ ಪಾಸ್ ಮಾಡೋದು? ಗಾಡಿ ಸರಿ ಮಾಡ್ಸಿ ಇನ್ನೊಂದ್ಸಲ ಬನ್ನಿ" ಎಂದು ಕಾಗದದ ಮೇಲೆ ಅಡ್ಡಗೆರೆ ಎಳೆದು ಇಳಿದು ಹೋದರು.

ಇನ್ನೊಂದು ಸಲ ಎನ್ನುವುದು ನನಗಿರಲಿಲ್ಲ. ಮಾರನೆಯ ದಿನಕ್ಕೆ ಎಲ್‌ಎಲ್‌ಆರ್ ಮುಗಿಯುತ್ತಿತ್ತು, ಮನೆಯಲ್ಲಿ ಮಾತು ಮುಗಿದೇ ಹೋಗಿತ್ತು. ಇವರು ಬಂದು ಹ್ಯಾಂಡಲ್ ಹೊಡೆದರು. ನಾನು ಸರಿದು ಪಕ್ಕದ ಸೀಟಿಗೆ ಹೋದೆ.

ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಇವರು ಒಳಗೆ ಹೊರಟರು. ನಾನು ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾನೆಟ್ ಎತ್ತಿದೆ. ನನಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆದರೆ ಬಿಸಿಯಾಗಬಾರದ ಗುಂಡಿ ಬಿಸಿಯಾಗಿತ್ತು ಎನ್ನುವುದು ಗೊತ್ತಿತ್ತು. ಅದರ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ಹುಡುಕುತ್ತಾ ಹೋದೆ. ಅದು ಇಂಜಿನ್ನಿಗೆ ಹೋಗಿ ಮುಟ್ಟಿತು. ಇಂಜಿನ್ನಿನಿಂದ ಕಾರಿನ ಮೈಗೆ ಬೇರೇನು ಹೋಗುತ್ತದೆ ಎಂದು ಬಗ್ಗಿ ನೋಡುತ್ತಾ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದುಕೊಂಡೆ.

ಇವರು ವಾಪಸ್ ಬಂದು, ಬಿಡು, ಕೈಗೆ ಪೆಟ್ಟು ಮಾಡ್ಕೋತೀಯ ಎಂದು ಸ್ಪ್ಯಾನರ್ ಕಿತ್ತುಕೊಂಡರು. ಬಗ್ಗಿದರು. ಹುಡುಕಲಿಲ್ಲ, ತಡಕಾಡಲಿಲ್ಲ. ಕೈ ನೇರವಾಗಿ ಕೆಳಗೆ, ಹೊರಗಿನಿಂದ ಕಾಣದ ಮೂಲೆಯಲ್ಲಿದ್ದ ಬೋಲ್ಟಿನ ಮೇಲೆ ಹೋಯಿತು. ಬಿಚ್ಚಿದರು. ತಾಮ್ರದ ಪಟ್ಟಿ ಕಳಚಿತು. ಅದು ಕೂರುವ ಜಾಗದಲ್ಲಿ ಬ್ರಷ್ ಗೀರೂ ಇಲ್ಲದ ನುಣುಪಾದ ಹಸಿರು ಪೇಂಟು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆ ಮಾಡಿದ್ದ ಎಮರಿ ಕಾಗದದ ತುಂಡನ್ನು ತೆಗೆದು ಆ ಪೇಂಟನ್ನು ಉಜ್ಜತೊಡಗಿದರು.

ನಾನು ಪೇಂಟನ್ನು ನೋಡಲಿಲ್ಲ. ಎಮರಿ ಕಾಗದವನ್ನೇ ನೋಡುತ್ತಿದ್ದೆ. ಅವತ್ತು ಇವರಿಗೆ ರಜೆ. ಟೆಸ್ಟಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಆ ಅಂಗಿಯ ಜೇಬಿಗೆ ಎಮರಿ ಕಾಗದ ತಾನಾಗಿ ಬರುವುದಿಲ್ಲ.

"ಯಾವಾಗ ಗೊತ್ತಾಯ್ತು ನಿಮ್ಗೆ?" ಎಂದೆ.

ಉಜ್ಜುವುದು ನಿಂತಿತು.

"ನೀನು ಚೋಕ್ ಬಿಸಿ ಅಂದಾಗ. ಪೇಂಟು ಕರೆಂಟನ್ನ ತಡೀತಿತ್ತು. ಮೊದಲೆರಡು ದಿನ ಬೋಲ್ಟಿನ ಮೂಲಕ ಹೇಗೋ ದಾಟ್ತು, ಆಮೇಲೆ ವಾಪಸ್ ಹೋಗೋಕೆ ದಾರಿ ಇಲ್ದೆ ಆ ತಂತೀಲಿ ಹೋಗ್ತಿತ್ತು."

"ಬುಧವಾರ" ಎಂದೆ.

"ಅವನು ಇದ್ನಲ್ಲ. ಸರಿಯಾಗೇ ಹಾಕಿದೀನಿ ಅಂತ ಅವನಿಗೆ ಹೇಳ್ಬಿಟ್ಟಿದ್ದೆ. ರಾತ್ರಿ ಬಾನೆಟ್ ಎತ್ತಿದ್ರೆ ಬೀದಿಯೆಲ್ಲ ಏಳುತ್ತೆ, ಇವತ್ತು ಬೆಳಗ್ಗೆ ಅವನು ಇಲ್ದಾಗ ಮಾಡೋಣ ಅಂದ್ಕೊಂಡೆ. ಅವನು ಬೆಳಗ್ಗೆನೂ ಬಂದ್ಬಿಟ್ಟ."

ನನಗೆ ಬಂದ ಸಿಟ್ಟನ್ನು ಹೇಳಲು ಬರುವುದಿಲ್ಲ. ಮೈದಾನದಲ್ಲಿ ಆ ಕಾಗದ ಜೇಬಿನಲ್ಲೇ ಇತ್ತು. ದಾರಿಯಲ್ಲಿ ಎಲ್ಲಾದರೂ ಐದು ನಿಮಿಷ ನಿಲ್ಲಿಸಿದ್ದರೆ ಸಾಕಿತ್ತು. ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ. ನಿಲ್ಲಿಸಿದರೆ ನನಗೆ ಗೊತ್ತಾಗುತ್ತಿತ್ತಲ್ಲ ಎಂದು ನೆಲ ನೋಡಿಕೊಂಡು ಹೇಳಿದರು. ಪಟ್ಟಿಯನ್ನು ಬಿಗಿದ ಮೇಲೆ ನಾನು ಹೋಗಿ ಕೀ ತಿರುಗಿಸಿದೆ. ಇಂಜಿನ್ ಅರೆಕ್ಷಣದಲ್ಲಿ ಎದ್ದಿತು. ಆಫ್ ಮಾಡಿ ಒಳಗೆ ಹೋಗಿ ಅಕ್ಕಿ ತೊಳೆದಿಟ್ಟೆ.

ಸಂಜೆ ಗೆಳೆಯರು ಬಸ್ಸಿಳಿದವರೇ ನೇರ ನಮ್ಮ ಮನೆಗೆ ಬಂದರು. ಟೆಸ್ಟಿನ ಸುದ್ದಿ ಕೇಳಿ ತಾವೇ ತಪ್ಪು ಮಾಡಿದವರ ಹಾಗೆ ಮುಖ ಸಣ್ಣ ಮಾಡಿಕೊಂಡರು. ಗಾಡಿ ಈಗ ಸ್ಟಾರ್ಟ್ ಆಗುತ್ತಿದೆ ಎಂದು ಇವರು ಹೇಳಿದಾಗ ಅವರಿಗೆ ಆಶ್ಚರ್ಯ. ಏನಾಗಿತ್ತು ಗುರು ಎಂದು ಕೇಳಿದರು. ನಾನು ಅಡಿಗೆಮನೆಯಿಂದ ಕಾಫಿ ತರುತ್ತಿದ್ದೆ.

"ನೀರು ಹೋಗಿತ್ತಲ್ಲ, ಒಣಗಿರ್ಬೇಕು" ಎಂದರು ನನ್ನ ಗಂಡ.

ಬಾಗಿಲಲ್ಲೇ ನಿಂತೆ. ಇವರು ನನ್ನ ಮುಖ ನೋಡಿದರು, ಸುಮ್ಮನಿರು ಎಂಬಂತೆ. ಮದುವೆಯಾದಾಗಿನಿಂದ ಆ ನೋಟಕ್ಕೆ ನಾನು ಸುಮ್ಮನಿದ್ದೆ. ಕಾಫಿ ಲೋಟವನ್ನು ಗೆಳೆಯರ ಮುಂದೆ ಇಟ್ಟೆ.

"ನೀರಲ್ಲ ಅಣ್ಣ, ಪೇಂಟು. ಅರ್ತಿಂಗ್ ಪಟ್ಟಿ ಕೆಳಗೆ ಇವ್ರು ಪೇಂಟ್ ಹೊಡ್ದಿದ್ರು. ಬುಧವಾರದಿಂದ್ಲೂ ಇವ್ರಿಗೆ ಗೊತ್ತಿತ್ತು. ನಿನ್ನೆ ನೀವು ರಜೆ ಹಾಕಿ ಸ್ವಿಚ್ ತರೋಕೆ ಹೋದಾಗ್ಲೂ ಗೊತ್ತಿತ್ತು" ಎಂದೆ.

ಗೆಳೆಯರು ಕಾಫಿಯನ್ನು ನಿಧಾನವಾಗಿ, ಪೂರ್ತಿ ಕುಡಿದರು. ಎದ್ದು ಚಪ್ಪಲಿ ಮೆಟ್ಟುವಾಗ, ಅವತ್ತು ನೀವು ಹೇಳಿದಾಗ ನಾನು ನಗಬಾರದಿತ್ತು ಅತ್ತಿಗೆ ಎಂದಷ್ಟೇ ಹೇಳಿ ಹೋದರು. ಇವರು ಕುರ್ಚಿಯಿಂದ ಏಳಲಿಲ್ಲ.

ಸೋಮವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಮಧ್ಯಾಹ್ನದವರೆಗೂ ಸಾಲಿನಲ್ಲಿ ನಿಂತು ಹೊಸ ಎಲ್‌ಎಲ್‌ಆರ್‌ಗೆ ಅರ್ಜಿ ಕೊಟ್ಟು ಬಂದೆ. ರಾತ್ರಿ ಊಟಕ್ಕೆ ಕೂತಾಗ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಹೇಳಿದೆ. ಬೇಡ ಎನ್ನಲು ಅವರಿಗೆ ಬಾಯಿ ಉಳಿದಿರಲಿಲ್ಲ.